ರೋಜಾದಿಂದ ಕಮಲಾಪುರಕ್ಕೆ, ವಯಾ ಹೈಡ್ರೋಜನ್

ಕಲಬುರಗಿಗೆ ಇನ್ನೂ ಬಾರದವುಗಳ ಪಟ್ಟಿಯಲ್ಲಿ ರೈಲ್ವೆ ವಿಭಾಗದ ಹೆಸರು 2014ರಿಂದಲೂ ಇದೆ. ಒಂಟಿಯಾಗಿ ಕಾಯುವುದು ಬೇಸರದ ಕೆಲಸ. ಅದಕ್ಕೊಂದು ಜೊತೆ ಬೇಕು. ಆದ್ದರಿಂದ ಊರಿನ ರೋಜಾ ಬಡಾವಣೆಯಿಂದ ಜಿಲ್ಲೆಯದೇ ಆದ ಕಮಲಾಪುರದವರೆಗೆ ಹೈಡ್ರೋಜನ್ ಬಸ್ ಕಾರಿಡಾರ್ ಒಂದನ್ನು ತಕ್ಷಣ ಘೋಷಿಸಬೇಕೆಂದು ಸಂಬಂಧಪಟ್ಟವರಲ್ಲಿ ಕೋರುತ್ತೇನೆ. ಘೋಷಿಸಿದರೆ ಸಾಕು. ಓಡಿಸಲೇಬೇಕೆಂಬ ಹಟ ನಮಗಿಲ್ಲ.

ಬೇಡಿಕೆಗೆ ಆಧಾರವೂ ಇದೆ. 2023ರ ಜನವರಿಯಲ್ಲಿ ಕೇಂದ್ರ ಸಂಪುಟ 19,744 ಕೋಟಿ ರೂಪಾಯಿಯ ಹಸಿರು ಹೈಡ್ರೋಜನ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. 2025ರ ಮಾರ್ಚ್‌ನಲ್ಲಿ ಅದರಡಿ 37 ಬಸ್ಸು-ಲಾರಿಗಳನ್ನು ಹತ್ತು ಮಾರ್ಗಗಳಲ್ಲಿ ಪ್ರಯೋಗಕ್ಕೆ ಬಿಡುವ ನಿರ್ಧಾರವಾಯಿತು. ಪುರಿಗೆ ಸಿಕ್ಕಿತು, ಸೂರತ್‌ಗೆ ಸಿಕ್ಕಿತು, ಕೊಚ್ಚಿಗೂ ಸಿಕ್ಕಿತು. ಕರ್ನಾಟಕಕ್ಕೆ ಒಂದೂ ಇಲ್ಲ. ಸಂವಿಧಾನದ 371(ಜೆ) ಕಲಮಿನ ವಿಶೇಷ ಸ್ಥಾನ ಇಟ್ಟುಕೊಂಡೂ ಹಿಂದುಳಿದಿರುವ ನಮಗೆ ಹೈಡ್ರೋಜನ್‌ನಲ್ಲೂ ಹಿಂದುಳಿಯುವ ಹಕ್ಕನ್ನು ಯಾರೂ ಕಸಿಯಬಾರದು.

ಮಾರ್ಗವನ್ನು ಯೋಚಿಸಿಯೇ ಆರಿಸಿದ್ದೇನೆ. ರೋಜಾದಲ್ಲಿ ಬಂದಾನವಾಜರ ದರ್ಗಾ ಇದೆ. ಇಂಥ ಯೋಜನೆಗೆ ಕೈಹಾಕುವವರು ಮೊದಲು ಹರಕೆ ಹೊತ್ತುಕೊಳ್ಳಬಹುದು. ಕಮಲಾಪುರದಲ್ಲಿ ಕೆಂಬಾಳೆ ಇದೆ. ಗಣ್ಯರ ಕೈಗೆ ಹಾರದ ಬದಲು ಗೊನೆ ಕೊಡಬಹುದು. ನಡುವೆ ಹೆಚ್ಚೆಂದರೆ ನಲವತ್ತು ಕಿಲೋಮೀಟರ್.

ಈಗ ಲೆಕ್ಕ. ಹೈಡ್ರೋಜನ್ ಬಸ್ಸು ನೂರು ಕಿಲೋಮೀಟರಿಗೆ ಎಂಟು ಕೆ.ಜಿ. ಅನಿಲ ಕುಡಿಯುತ್ತದೆ ಅನ್ನಿ. ಕಮಲಾಪುರ ಮುಟ್ಟಲು ಮೂರು ಕೆ.ಜಿ.ಗೆ ತುಸು ಹೆಚ್ಚು. ನೀರನ್ನು ವಿದ್ಯುತ್ತಿನಿಂದ ಒಡೆದು ಒಂದು ಕೆ.ಜಿ. ಹೈಡ್ರೋಜನ್ ತೆಗೆಯಲು ಸುಮಾರು 55 ಯೂನಿಟ್ ಬೇಕು. ಅಲ್ಲಿಗೆ 175 ಯೂನಿಟ್ ಆಯಿತು. ಒತ್ತಿ ತುಂಬುವ ಖರ್ಚು ಬೇರೆ. ಅದೇ ದಾರಿಯನ್ನು ಬ್ಯಾಟರಿ ಬಸ್ಸು ಚಾರ್ಜಿಂಗ್ ನಷ್ಟವೂ ಸೇರಿ 55 ಯೂನಿಟ್ಟಿನಲ್ಲಿ ಮುಗಿಸುತ್ತದೆ. ಮೂರು ಚೀಲ ತೊಗರಿ ಹಾಕಿ ಒಂದು ಚೀಲ ಬೇಳೆ ತೆಗೆಯುವ ಗಿರಣಿಯನ್ನು ಕಲಬುರಗಿ ಗಂಜ್‌ನಲ್ಲಿ ಎರಡನೇ ದಿನ ತೆರೆಯಲು ಬಿಡುವುದಿಲ್ಲ. ಹೈಡ್ರೋಜನ್ ಬಸ್ಸಿನ ವಿಷಯದಲ್ಲಿ ಮಾತ್ರ ಇದಕ್ಕೆ ‘ಭವಿಷ್ಯದ ತಂತ್ರಜ್ಞಾನ’ ಎನ್ನುತ್ತಾರೆ.

ಉಳಿದ 120 ಯೂನಿಟ್ ಎಲ್ಲಿ ಹೋಯಿತು? ಬಹುಪಾಲು ಶಾಖವಾಗಿ ಗಾಳಿಗೆ ಸೇರಿತು. ಮೇ ತಿಂಗಳಲ್ಲಿ 44 ಡಿಗ್ರಿ ಮುಟ್ಟುವ ಊರಿಗೆ ಸರಕಾರ ಕೊಡಬಹುದಾದದ್ದು ಇನ್ನೇನಿದ್ದೀತು!

ನೀರಿನ ಮಾತಿಗೆ ಬರೋಣ. ಕೆ.ಜಿ.ಗೆ ಕನಿಷ್ಠ ಒಂಬತ್ತು ಲೀಟರ್, ಅದೂ ಶುದ್ಧ ನೀರು. ಭೀಮಾ, ಬೆಣ್ಣೆತೊರೆ ಎಂದು ಜಪಿಸುತ್ತ ಬೇಸಿಗೆ ಕಳೆಯುವ ನಮಗೆ ಹೆದರಿಕೆಯಾಗುವುದು ಸಹಜ. ಆದರೆ ರಸಾಯನಶಾಸ್ತ್ರ ದಯಾಮಯಿ. ಬಸ್ಸು ಓಡುವಾಗ ಹೈಡ್ರೋಜನ್ ಮತ್ತೆ ಆಮ್ಲಜನಕದ ಜೊತೆ ಸೇರಿ, ಅಷ್ಟೇ ನೀರು ಹಿಂದಿನ ಕೊಳವೆಯಿಂದ ಹೊರಬರುತ್ತದೆ. ಅಂದರೆ ಪ್ರತಿ ಟ್ರಿಪ್ಪಿಗೆ ಎರಡು ಕೊಡದಷ್ಟು. ಬಹಳಷ್ಟು ಆವಿಯಾಗಿಯೇ ಹೋಗುತ್ತದೆ ಎಂದು ಎಂಜಿನಿಯರುಗಳು ಗೊಣಗಬಹುದು, ಗೊಣಗಲಿ. ಬಸ್ಸಿನ ಹಿಂದೆ ಕೊಡ ಹಿಡಿದು ಓಡಲು ವಾರ್ಡುವಾರು ಪಾಳಿ ಹಚ್ಚಿದರೆ ಟ್ಯಾಂಕರ್ ಖರ್ಚು ಉಳಿಯುತ್ತದೆ.

ಬ್ಯಾಟರಿಗೆ ಈ ವೈಭವ ಎಲ್ಲಿಂದ ಬರಬೇಕು? ರೋಜಾದ ಇ-ಆಟೊದವನನ್ನು ಕೇಳಿ ನೋಡಿ: “ರಾತ್ರಿ ಪ್ಲಗ್ ಹಾಕ್ತೀವ್ರಿ, ಮುಂಜಾನಿ ತೆಗೀತೀವಿ. ಇದರಾಗ ಭಾಷಣ ಮಾಡೋದೇನದ?” ನಮ್ಮ ಕಡೆ ಬ್ಯಾಟರಿ ಕ್ರಾಂತಿ ಯಾವ ಮಿಷನ್ನಿಗೂ ಕಾದಿರಲಿಲ್ಲ. ಲೋಡ್‌ಶೆಡ್ಡಿಂಗ್ ಕಾಲದಿಂದಲೂ ಮನೆಮನೆಯ ಮೆಟ್ಟಿಲ ಕೆಳಗೆ ಇನ್ವರ್ಟರ್ ಗುಂಯ್ಗುಡುತ್ತ ಕುಂತಿದೆ. ಆ ಬ್ಯಾಟರಿಗೆ ಬರುವ ಕರೆಂಟಿನಲ್ಲಿ ರಾಯಚೂರಿನ, ಕೂಡಗಿಯ ಕಲ್ಲಿದ್ದಲ ಹೊಗೆಯೂ ಇದೆ, ಸುಳ್ಳಲ್ಲ. ಹಾಗೆಂದು ಅದೇ ಕರೆಂಟನ್ನು ಮೂರು ಪಟ್ಟು ಸುಟ್ಟು ಹೈಡ್ರೋಜನ್ ಮಾಡಿದರೆ ಹೊಗೆ ಹಸಿರಾಗುವುದಿಲ್ಲ.

ಫೋಟೊದ ಮಾತು ಬೇರೆ. 2022ರ ಮಾರ್ಚ್ 30ರಂದು ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ ಟೊಯೊಟಾ ಮಿರಾಯಿ ಹೈಡ್ರೋಜನ್ ಕಾರಿನಲ್ಲಿ ಸಂಸತ್ತಿಗೆ ಬಂದಿಳಿದರು. ದೇಶವೆಲ್ಲ ನೋಡಿತು. ಅದೇ ವರ್ಷದ ಜನವರಿಯಲ್ಲಿ ಫ್ರಾನ್ಸಿನ ಮೊಂಪೆಲಿಯೆ ನಗರ 51 ಹೈಡ್ರೋಜನ್ ಬಸ್ಸುಗಳ ಯೋಜನೆಯನ್ನೇ ಕೈಬಿಟ್ಟಿತ್ತು. ಓಡಿಸುವ ಖರ್ಚು ಬ್ಯಾಟರಿ ಬಸ್ಸಿನ ಆರು ಪಟ್ಟು ಎಂದು ಅಲ್ಲಿಯವರೇ ಲೆಕ್ಕ ಹಾಕಿದ್ದರು. ಅದನ್ನು ಯಾರೂ ನೋಡಲಿಲ್ಲ, ಕೈಬಿಡುವ ಕಾರ್ಯಕ್ರಮಕ್ಕೆ ರಿಬ್ಬನ್ ಇರುವುದಿಲ್ಲವಲ್ಲ. ಜಗತ್ತಿಗೇ ಮೊದಲು ಹೈಡ್ರೋಜನ್ ರೈಲು ಓಡಿಸಿದ ಜರ್ಮನಿಯ ಲೋವರ್ ಸ್ಯಾಕ್ಸನಿ ಕೂಡ 2023ರಲ್ಲಿ, ಮುಂದೆ ಕೊಳ್ಳುವುದು ಬ್ಯಾಟರಿ ರೈಲುಗಳನ್ನೇ ಎಂದಿತು. ಬೀದರ್-ಕಲಬುರಗಿ ಹಳಿಗೇ ಎರಡು ದಶಕ ಕಾದು 2017ರಲ್ಲಿ ರೈಲು ಕಂಡವರು ನಾವು. ಅವರಂತೆ ಬೇಗ ಬೇಸರಪಟ್ಟುಕೊಳ್ಳುವುದು ನಮ್ಮ ಜಾಯಮಾನವಲ್ಲ.

ತಮಾಷೆಯೆಂದರೆ, ಹೈಡ್ರೋಜನ್ ಕಮಲಾಪುರಕ್ಕೆ ಬಂದು ಎಷ್ಟೋ ಕಾಲವಾಗಿದೆ. ಬಸ್ಸಿನಲ್ಲಲ್ಲ, ಚೀಲದಲ್ಲಿ. 45 ಕೆ.ಜಿ.ಯ ಒಂದು ಯೂರಿಯಾ ಚೀಲಕ್ಕೆ ಬೇಕಾದ ಅಮೋನಿಯಾ ತಯಾರಿಸಲು ಸುಮಾರು ನಾಲ್ಕೂವರೆ ಕೆ.ಜಿ. ಹೈಡ್ರೋಜನ್ ಖರ್ಚಾಗುತ್ತದೆ. ನಮ್ಮ ಕನಸಿನ ಬಸ್ಸು ರೋಜಾದಿಂದ ಹೊರಟು ಕಮಲಾಪುರ ದಾಟಿ ಮುಂದೆ ಹೋಗುವಷ್ಟು! ಆ ಹೈಡ್ರೋಜನ್ ಬರುವುದು ನೈಸರ್ಗಿಕ ಅನಿಲದಿಂದ, ಮಾಡುವಾಗ ಇಂಗಾಲವನ್ನು ಧಾರಾಳವಾಗಿ ಕಕ್ಕುತ್ತದೆ. ದೇಶದಲ್ಲಿ ವರ್ಷಕ್ಕೆ 50 ಲಕ್ಷ ಟನ್ನಿಗೂ ಹೆಚ್ಚು ಇಂಥ ಹೈಡ್ರೋಜನ್ ತಯಾರಾಗಿ ಗೊಬ್ಬರಕ್ಕೆ, ತೈಲ ಸಂಸ್ಕರಣೆಗೆ ಹೋಗುತ್ತಿದೆ. ಹಸಿರು ಮಾಡುವುದಿದ್ದರೆ ಮೊದಲು ಇದನ್ನಲ್ಲವೇ? ಇಲ್ಲಿ ಬ್ಯಾಟರಿ ಏನೂ ಮಾಡಲಾರದು; ಯೂರಿಯಾವನ್ನು ಚಾರ್ಜ್ ಮಾಡಿ ಹೊಲಕ್ಕೆ ಚೆಲ್ಲಲು ಬರುವುದಿಲ್ಲ. ಉಕ್ಕಿನದೂ ಅದೇ ಕತೆ. ಅದಿರಿನಿಂದ ಆಮ್ಲಜನಕ ಕೀಳುವ ಕಲ್ಲಿದ್ದಲಿನ ಕೆಲಸವನ್ನು ಹೈಡ್ರೋಜನ್ ಮಾಡಬಲ್ಲದು. ಬಳ್ಳಾರಿ ಕಡೆ ತೋರಣಗಲ್ಲಿನ ಜೆಎಸ್‌ಡಬ್ಲ್ಯು ಕಾರ್ಖಾನೆಗಾಗಿ ವರ್ಷಕ್ಕೆ 3,800 ಟನ್ನಿನ ಘಟಕ ರೂಪುಗೊಂಡಿದ್ದು ಅದಕ್ಕೇ. ಆದರೆ ಮುಂಗಾರಿನಲ್ಲಿ ಯೂರಿಯಾಕ್ಕೆ ಪಾಳಿ ನಿಂತ ರೈತನ ಪಕ್ಕ ನಿಂತು ಹಸಿರು ಬಾವುಟ ಬೀಸಿದರೆ ಸಿಗುವುದು ಬೇರೆಯೇ ಸ್ವಾಗತ.

ಜಿಲ್ಲೆಯ ನಿಜವಾದ ಹೊಗೆಯಾದರೂ ಹೋಗಲಿ ಎಂದರೆ ಅದಕ್ಕೆ ಹೈಡ್ರೋಜನ್, ಬ್ಯಾಟರಿ ಎರಡೂ ಸಾಲವು. ವಾಡಿ, ಸೇಡಂ, ಚಿತ್ತಾಪುರದ ಸಿಮೆಂಟ್ ಗೂಡುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಂಗಾಲ ಹೊಮ್ಮುವುದು ಉರುವಲಿನಿಂದಲ್ಲ, ಸುಣ್ಣದ ಕಲ್ಲಿನಿಂದಲೇ. ಗೂಡಿಗೆ ಹೈಡ್ರೋಜನ್ ಹಾಕಿದರೂ ಕಲ್ಲು ತನ್ನ ಹಟ ಬಿಡುವುದಿಲ್ಲ. ಇದನ್ನು ಭಾಷಣದಲ್ಲಿ ಸೇರಿಸುವುದು ಬೇಡ, ಚಪ್ಪಾಳೆ ಕೆಡುತ್ತದೆ.

ಒಟ್ಟಿನಲ್ಲಿ ಕಾರಿಡಾರ್ ಘೋಷಣೆಗೆ ನಮ್ಮ ಕಡೆಯಿಂದ ಯಾವ ಅಡ್ಡಿಯೂ ಇಲ್ಲ. ಅನಿಲ ಹೊರಗಿಂದ ಬರಬೇಕು, ಬಸ್ಸು ಹೊರಗಿಂದ ಬರಬೇಕು, ದುಡ್ಡು ದಿಲ್ಲಿಯಿಂದ ಬರಬೇಕು. ಶಿಲಾನ್ಯಾಸದ ಕಲ್ಲಿಗೆ ಮಾತ್ರ ಎಲ್ಲಿಗೂ ಹೋಗಬೇಕಿಲ್ಲ. ಶಹಾಬಾದ್ ಕಲ್ಲು ಬೇಕಾದಷ್ಟಿದೆ, ಎಷ್ಟು ಉದ್ದದ ಹೆಸರನ್ನಾದರೂ ಕೆತ್ತಬಹುದು, ಮತ್ತು ಮುಂದೆ ಕೆಲಸಕ್ಕೆ ಬಾರದಿದ್ದರೆ ಅಂಗಳಕ್ಕೆ ಹಾಸಿಕೊಳ್ಳಲು ಬರುತ್ತದೆ.