ಸ್ವಯಂಸೇವಕ (ಬೆಂಗಳೂರು ಮಾಡೆಲ್): ಬಳಸುವ ಮುನ್ನ ಓದಿ

ತಾಂಜಾನಿಯದ ಮೋಶಿಯ ಮಾನ್ಯ ವಾರ್ಡ್ ಸಿಸ್ಟರ್ ಅವರಿಗೆ,

ಕಿಲಿಮಂಜಾರೋ ತಪ್ಪಲಿನ ನಿಮ್ಮ ಆಸ್ಪತ್ರೆಗೆ ಬೆಂಗಳೂರಿನಿಂದ ಒಬ್ಬ ಸ್ವಯಂಸೇವಕನನ್ನು ತರಿಸಿಕೊಂಡದ್ದಕ್ಕೆ ಅಭಿನಂದನೆಗಳು. ತರಿಸಿಕೊಂಡಿರಿ ಎನ್ನುವುದು ಕೈಪಿಡಿಯ ಮರ್ಯಾದೆಯ ಮಾತು. ಬಹುಪಾಲು ಸಲ ಅದು ತಾನಾಗಿಯೇ ಬಂದಿಳಿಯುತ್ತದೆ. ಏನು ಉಡಬೇಕು, ಏನು ತಿನ್ನಬೇಕು, ಯಾವ ಲಸಿಕೆ ಹಾಕಿಸಿಕೊಳ್ಳಬೇಕು ಎಂದು ಬರುವವನಿಗೆ ಹೇಳುವ ಪುಸ್ತಕಗಳು ಬೇಕಾದಷ್ಟಿವೆ. ಅವನನ್ನು ಇಟ್ಟುಕೊಂಡು ಏಗಬೇಕಾದ ನಿಮಗಾಗಿ ಬರೆದವು ಕಡಿಮೆ. ಅದಕ್ಕೇ ಈ ಕೈಪಿಡಿ.

1. ಪೆಟ್ಟಿಗೆಯಲ್ಲಿ ಏನೇನಿದೆ

ಸ್ವಯಂಸೇವಕ, ಒಂದು. ಇಸ್ತ್ರಿಯ ಮಡಿಕೆ ಬಿಡದ ಬಿಳಿ ಕೋಟು. ಕೊರಳಿಗೆ ಸ್ಟೆತಾಸ್ಕೋಪು, ಸದ್ಯಕ್ಕೆ ಆಭರಣ. ಮಲೇರಿಯಾ ಮಾತ್ರೆ, ಸೊಳ್ಳೆ ಮುಲಾಮು, ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ. ‘ಏನಾದರೂ ಮಾಡಲೇಬೇಕು’ ಎಂಬ ಹುರುಪು, ಪೂರ್ತಿ ಚಾರ್ಜ್ ಆದದ್ದು. ಸ್ವಾಹಿಲಿ ಪ್ರತ್ಯೇಕವಾಗಿ ಹಾಕಿಸಬೇಕು. ಸ್ವಯಂಸೇವಕರಿಗೆ ನಿಮ್ಮ ಸರ್ಕಾರ ಕೊಡುವ ‘ಸಿ’ ದರ್ಜೆಯ ವಾಸ ಪರವಾನಗಿ ಇದೆಯೇ ನೋಡಿ. ಇಲ್ಲದಿದ್ದರೆ ಪೆಟ್ಟಿಗೆ ಬಿಚ್ಚದೆ ಕಚೇರಿಗೆ ಕಳಿಸಿ.

2. ಜೋಡಣೆ

ವಿದ್ಯುತ್ತಿನ ಚಿಂತೆ ಇಲ್ಲ: ಎರಡೂ ದೇಶಗಳಲ್ಲಿ 230 ವೋಲ್ಟ್, 50 ಹರ್ಟ್ಸ್. ಚಪ್ಪಟೆ ಪಿನ್ನಿನ ಸಾಕೆಟ್ ಇರುವಲ್ಲಿ ಒಂದು ಅಡಾಪ್ಟರ್ ಸಾಕು. ಗಡಿಯಾರವನ್ನು ಮಾತ್ರ ಎರಡು ಸಲ ತಿರುಗಿಸಬೇಕು. ಎರಡೂವರೆ ಗಂಟೆ ಹಿಂದಕ್ಕೆ ಹೋಗುವುದು ವಿಮಾನ ಇಳಿಯುವಷ್ಟರಲ್ಲೇ ಆಗಿರುತ್ತದೆ. ಎರಡನೆಯದನ್ನು ನೀವೇ ಮಾಡಬೇಕು. ನಿಮ್ಮ ಸ್ವಾಹಿಲಿ ಲೆಕ್ಕದಲ್ಲಿ ಹೊತ್ತು ಹುಟ್ಟಿದ ಮೇಲೆ ಎಣಿಕೆ ಶುರು. ಬೆಳಗಿನ ಏಳು ಎಂದರೆ ಗಂಟೆ ಒಂದು, ಎಂಟು ಎಂದರೆ ಗಂಟೆ ಎರಡು. ಇದನ್ನು ತಿಳಿಸದೆ ‘ನಾಳೆ ಎರಡು ಗಂಟೆಗೆ ರೌಂಡ್ಸ್’ ಎಂದಿರೋ, ಉಪಕರಣ ಊಟ ಮುಗಿಸಿಕೊಂಡು ಮಧ್ಯಾಹ್ನ ಎರಡಕ್ಕೆ ಪ್ರತ್ಯಕ್ಷವಾಗುತ್ತದೆ. ಆರು ಗಂಟೆ ತಡವಾಗಿ ಬಂದದ್ದಲ್ಲದೆ, ‘ಇಲ್ಲಿ ಸಮಯಕ್ಕೆ ಬೆಲೆಯೇ ಇಲ್ಲ’ ಎಂಬ ಅಭಿಪ್ರಾಯವನ್ನೂ ಜೊತೆಗೆ ತಂದಿರುತ್ತದೆ. ಸಿಟ್ಟಾಗಬೇಡಿ. ಅದರ ಅಜ್ಜಿಯ ಮನೆಯ ಪಂಚಾಂಗವೂ ಘಳಿಗೆಗಳನ್ನು ಸೂರ್ಯೋದಯದಿಂದಲೇ ಎಣಿಸುತ್ತದೆ ಎಂದು ನೆನಪು ಮಾಡಿಕೊಡಿ.

3. ಚಾಲೂ ಮಾಡುವ ವಿಧಾನ

ಬೆಳಗ್ಗೆ ವಾರ್ಡಿಗೆ ನುಗ್ಗಿದವನೇ ‘ನಾಲ್ಕನೇ ಬೆಡ್ಡಿನ ಫೈಲೆಲ್ಲಿ?’ ಎನ್ನುವುದು ಕಾರ್ಖಾನೆಯ ಸೆಟ್ಟಿಂಗ್. ಬದಲಾಯಿಸಿ. ಮೊದಲು ಹಿರಿಯರಿಗೆ ‘ಶಿಕಮೋ’ ಎಂಬ ನಮಸ್ಕಾರ, ಅವರಿಂದ ‘ಮರಹಬಾ’ ಎಂಬ ಉತ್ತರ. ಆಮೇಲೆ ರಾತ್ರಿ ಹೇಗಿತ್ತು, ಮನೆಯವರು ಹೇಗಿದ್ದಾರೆ. ಫೈಲು ಅದಾದ ಮೇಲೆ. ಉಪಕರಣ ಇದನ್ನೆಲ್ಲ ಕಾಲಹರಣವೆಂದು ಡೈರಿಯಲ್ಲಿ ಬರೆದುಕೊಳ್ಳಬಹುದು, ಬರೆದುಕೊಳ್ಳಲಿ. ನಾಲ್ಕನೇ ಬೆಡ್ಡಿನಾಕೆ ಎರಡು ದಿನದಿಂದ ಊಟ ಮುಟ್ಟಿಲ್ಲ, ಮನೆಯಿಂದ ಬುತ್ತಿ ತರುತ್ತಿದ್ದ ತಂಗಿ ಊರಿಗೆ ಹೋಗಿದ್ದಾಳೆ ಎಂಬುದು ಯಾವ ಫೈಲಿನಲ್ಲೂ ಇರುವುದಿಲ್ಲ. ನೆಲ ಒರೆಸುವ ಹಿರಿಯಾಕೆಗೆ ಅದು ಗೊತ್ತಿರುತ್ತದೆ, ತನಗೆ ನಮಸ್ಕಾರ ಹೇಳಿದವರಿಗೆ ಆಕೆ ಹೇಳುತ್ತಾಳೆ.

4. ಯಾವುದಕ್ಕೆ ಬಳಸಬಹುದು

ಗಾಜ್ ಬಟ್ಟೆ ಮಡಿಸಲು, ಗಾಲಿಕುರ್ಚಿ ತಳ್ಳಲು, ಹಳೆಯ ಫೈಲು ಹುಡುಕಲು, ಔಷಧಿಯ ದಾಸ್ತಾನು ಪುಸ್ತಕ ತಾಳೆ ನೋಡಲು, ಮಕ್ಕಳ ವಾರ್ಡಿನಲ್ಲಿ ಚಿತ್ರ ಬರೆಯಿಸಲು. ‘ಇಷ್ಟೇನಾ?’ ಎಂಬ ಸದ್ದು ಬಂದರೆ ಗಾಬರಿ ಬೇಡ; ಎಂಜಿನ್ ಪಳಗುವವರೆಗೆ ಆ ಸದ್ದು ಇದ್ದದ್ದೇ.

ಬಳಸಬಾರದ್ದು: ಹೊಲಿಗೆ, ಹೆರಿಗೆ, ಸೂಜಿ. ತನ್ನೂರಿನಲ್ಲಿ ಯಾರೂ ಕೈಗೆ ಕೊಡದ ಸೂಜಿಯನ್ನು ಇಲ್ಲಿ ಕೊಟ್ಟಾರು ಎಂಬ ಆಸೆ ಕೆಲವು ಮಾಡೆಲ್‌ಗಳಲ್ಲಿರುತ್ತದೆ. ನಿಮ್ಮಲ್ಲಿ ವೈದ್ಯ ವೃತ್ತಿ ಮಾಡಲು ಮೆಡಿಕಲ್ ಕೌನ್ಸಿಲ್ ಆಫ್ ಟ್ಯಾಂಗನಿಕಾದಲ್ಲಿ ನೋಂದಣಿಯಾಗಬೇಕು. ಬಿಳಿ ಕೋಟು ನೋಂದಣಿ ಪತ್ರವಲ್ಲ. ಬಡವರ ಮೈ ಯಾರೊಬ್ಬರ ಅಭ್ಯಾಸ ಪುಸ್ತಕವೂ ಅಲ್ಲ.

5. ಎಚ್ಚರಿಕೆ

ಮಗುವನ್ನು ಎತ್ತಿಕೊಂಡ ಕೂಡಲೇ ಉಪಕರಣದ ಇನ್ನೊಂದು ಕೈ ತಾನಾಗಿ ಮೊಬೈಲಿನತ್ತ ಚಾಚುತ್ತದೆ. ‘ಬೆಂಗಳೂರಿನ ಆಸ್ಪತ್ರೆಯಲ್ಲಿ ನಿನ್ನ ಅಕ್ಕನ ಮಗುವಿನ ಫೋಟೋವನ್ನು ಗುರುತಿಲ್ಲದವರು ತೆಗೆದರೆ?’ ಎಂದು ಒಂದೇ ಒಂದು ಸಲ ಕೇಳಿ. ಕೈ ಇಳಿಯದಿದ್ದರೆ ಮೊಬೈಲನ್ನು ಬೀರುವಿಗೆ ಹಾಕಿ ಬೀಗ ಜಡಿಯಿರಿ.

6. ಇಂಧನ

ಮೆಕ್ಕೆಜೋಳದ ಹಿಟ್ಟಿನ ಉಗಾಲಿ ಕೊಡಿ. ಮೊದಲ ತುತ್ತಿಗೇ ‘ಥೇಟ್ ನಮ್ಮ ಮುದ್ದೆ!’ ಎನ್ನುತ್ತದೆ, ಊರಿನಲ್ಲಿ ಮುದ್ದೆ ಉಂಡು ಎಷ್ಟು ಕಾಲವಾಯಿತು ಎಂದು ಕೇಳಿ ಮುಜುಗರ ಮಾಡಬೇಡಿ. ಸಸ್ಯಾಹಾರಿ ಮಾಡೆಲ್ ಆದರೆ ಹುರುಳಿಕಾಯಿ ಬೀಜದ ಮಹರಾಗೆ, ಮ್ಚಿಚಾ ಸೊಪ್ಪು ಇವೆ. ಮ್ಚಿಚಾ ಎಂದರೆ ಹರಿವೆಯೇ ಎಂದು ಅದಕ್ಕೆ ಗೊತ್ತಾದ ದಿನ ಚಟ್ನಿಪುಡಿ ಡಬ್ಬಿ ನರ್ಸುಗಳ ಕೋಣೆಗೆ ಬರುತ್ತದೆ. ಸಂಕೋಚವಿಲ್ಲದೆ ತೆಗೆದುಕೊಳ್ಳಿ.

7. ದೋಷಗಳು, ಪರಿಹಾರಗಳು

ದೋಷ: ಪ್ರತಿ ಮಾತೂ ‘ನಮ್ಮಲ್ಲಾದರೆ…’ ಎಂದು ಶುರುವಾಗುತ್ತದೆ.
ಪರಿಹಾರ: ದೊಡ್ಡ ಚಿಕಿತ್ಸೆಗೆಂದು ಭಾರತಕ್ಕೆ ಹೋಗಿಬಂದವರು ನಿಮ್ಮೂರಿನಲ್ಲಿ ಇದ್ದೇ ಇರುತ್ತಾರೆ. ಅವರೆದುರು ಕೂರಿಸಿ. ಭಾಷೆ ಬಾರದ ಊರಿನಲ್ಲಿ ಆಸ್ಪತ್ರೆಯ ಕೌಂಟರಿನಿಂದ ಕೌಂಟರಿಗೆ ಅಲೆದದ್ದು, ಲಾಡ್ಜು ಹುಡುಕಿದ್ದು, ಬಿಲ್ಲು ಓದಲಾಗದೆ ನಿಂತದ್ದು, ಎಲ್ಲವನ್ನೂ ಅವರು ಹೇಳಲಿ. ಸೇವೆಗೆಂದು ಇಷ್ಟು ದೂರ ಹಾರಿ ಬಂದ ಉಪಕರಣ ತನ್ನ ಮನೆ ಹತ್ತಿರದ ಆಸ್ಪತ್ರೆಯ ಬೆಂಚಿನ ಮೇಲೆ ಕೂತ ತಾಂಜಾನಿಯದವರನ್ನು ಒಮ್ಮೆಯಾದರೂ ಮಾತಾಡಿಸಿತ್ತೇ ಎಂಬ ಪ್ರಶ್ನೆ ಆಗ ತಾನಾಗಿ ಏಳುತ್ತದೆ.

ದೋಷ: ಶುಕ್ರವಾರ ಸಂಜೆ ಕಾಣೆಯಾಗುತ್ತದೆ.
ಪರಿಹಾರ: ಸೆರೆಂಗೆಟಿ ನೋಡಿಕೊಂಡು ಬರಲಿ. ಸೋಮವಾರ ಆನೆಯ ವಿಷಯ ಮಾತಾಡುತ್ತಾ ಗಾಜ್ ಬಟ್ಟೆ ಮಡಿಸಿದರೆ ನಷ್ಟವೇನಿಲ್ಲ.

ದೋಷ: ‘ಊರಿಗೆ ಹೋಗಿ ಒಂದು ಮಷೀನ್ ಕಳಿಸಿಕೊಡುತ್ತೇನೆ’ ಎನ್ನುತ್ತದೆ.
ಪರಿಹಾರ: ಬಿಡಿಭಾಗ ಎಲ್ಲಿ ಸಿಗುತ್ತದೆ, ಕೆಟ್ಟರೆ ಯಾರನ್ನು ಕರೆಯಬೇಕು, ನಡೆಸುವುದನ್ನು ಯಾರು ಕಲಿಸುತ್ತಾರೆ ಎಂದು ಕೇಳಿ. ಸಂಪನ್ಮೂಲ ಕಡಿಮೆಯಿರುವ 16 ದೇಶಗಳ ಆಸ್ಪತ್ರೆ ಉಪಕರಣಗಳನ್ನು ಲೆಕ್ಕ ಹಾಕಿದ 2011ರ ಅಧ್ಯಯನದಲ್ಲಿ ಸುಮಾರು ಶೇ 38ರಷ್ಟು ಕೆಲಸ ಮಾಡುತ್ತಿರಲಿಲ್ಲ. ನಿಮ್ಮ ಉಗ್ರಾಣದ ಮೂಲೆಯನ್ನೂ ಒಮ್ಮೆ ತೋರಿಸಿ.

ದೋಷ: ಮಗುವೊಂದು ತೀರಿಕೊಂಡ ದಿನ ಮೆಟ್ಟಿಲ ಮೇಲೆ ಕೂತು ಅಳುತ್ತದೆ.
ಪರಿಹಾರ: ಇದು ದೋಷವಲ್ಲ. ‘ಪೊಲೆ’ ಎಂದು ಸಂತೈಸಿ, ಹಾಲು ಹಾಕಿದ ಚಹಾ ಕೊಡಿ. ಅದೇ ಮಗುವನ್ನು ವಾರವಿಡೀ ನೋಡಿಕೊಂಡ ನಿಮಗೆ ಯಾರು ಚಹಾ ಕೊಟ್ಟರು ಎಂದು ಅದಕ್ಕೆ ಹೊಳೆದು, ಮರುದಿನ ಎರಡು ಲೋಟ ಹಿಡಿದು ಬಂದರೆ ಯಂತ್ರ ಪಳಗಿತೆಂದು ತಿಳಿಯಿರಿ.

8. ವಾರಂಟಿ

ಹೊರಡುವ ದಿನ ಉಪಕರಣ ಭಾಷಣ ಮಾಡುತ್ತದೆ: ‘ಕೊಡಲು ಬಂದೆ, ಪಡೆದು ಹೊರಟೆ.’ ಚಪ್ಪಾಳೆ ತಟ್ಟಿ. ಆದರೆ ಹಾಗೆ ಪಡೆದದ್ದರ ಖರ್ಚು ನಿಮ್ಮ ದುಡಿಮೆಯ ಹೊತ್ತಿನಿಂದ ಹೋಗಿದೆ ಎಂಬುದು ಲೆಕ್ಕದಲ್ಲಿರಲಿ. ಮತ್ತೆ ಬರುವುದಾದರೆ ಬರುವ ಮುನ್ನ ‘ಏನು ತರಲಿ’ ಎನ್ನುವ ಬದಲು ‘ಬರಲೇ, ಯಾವಾಗ ಬಂದರೆ ನಿಮಗೆ ತೊಂದರೆಯಿಲ್ಲ’ ಎಂದು ಕೇಳಲು ಹೇಳಿ.

ಸರಿಯಾಗಿ ಬಳಸಿದಿರೋ ಇಲ್ಲವೋ ತಿಳಿಯಲು ಒಂದೇ ಪರೀಕ್ಷೆ. ಅದು ಹೋದ ಮರುದಿನ ವಾರ್ಡಿನ ಯಾವ ಕೆಲಸವೂ ನಿಂತಿರಬಾರದು, ಆದರೂ ಇಬ್ಬರು ಮೂವರಾದರೂ ‘ಆ ಹುಡುಗ ಎಲ್ಲಿ?’ ಎಂದು ಕೇಳಬೇಕು. ಕೆಲಸವೇ ನಿಂತುಹೋಗಿದ್ದರೆ ಸ್ವಯಂಸೇವಕನ ಕೈಗೆ ನೌಕರನ ಕೆಲಸ ಕೊಟ್ಟಿದ್ದೀರಿ ಎಂದರ್ಥ. ಅರ್ಜಿ ಬರೆದು ಸರ್ಕಾರದಿಂದ ಒಬ್ಬ ನರ್ಸನ್ನು ಕೇಳಿ.