ಸೋತರೂ ಸೀಟು ಬಿಡದವರು

ಮತದಾನ ಮುಗಿದು ಎಣಿಕೆಗೆ ಕಾಯುವ ದಿನಗಳಲ್ಲಿ ದಾವಣಗೆರೆ ಸೀಮೆಗೆ ಎರಡು ಬಗೆಯ ಭವಿಷ್ಯಗಾರರು. ಒಬ್ಬ ಹಳ್ಳಿಕಟ್ಟೆಯ ಮೇಲೆ ಕೂತು, ತನ್ನ ಟಗರನ್ನೋ ಬೈಕನ್ನೋ ಪಣಕ್ಕಿಟ್ಟು, ಇಂಥವರೇ ಗೆಲ್ಲೋದು ಅನ್ನುತ್ತಾನೆ. ಇನ್ನೊಬ್ಬ ಬೆಂಗಳೂರಿನ ಸ್ಟುಡಿಯೊದಲ್ಲಿ ಕೂತು, ಏನನ್ನೂ ಪಣಕ್ಕಿಡದೆ, ಅದನ್ನೇ ಅನ್ನುತ್ತಾನೆ. ಮೊದಲಿನವನ ಮೇಲೆ ಪೊಲೀಸರು ಕೇಸು ಜಡಿಯಬಹುದು. ಸೋತರೆ ಟಗರೂ ಹೋಯಿತು, ಊರೊಳಗೆ ಮಾನವೂ ಹೋಯಿತು. ಎರಡನೆಯವನಿಗೆ ಸೋತ ಮರುದಿನವೂ ಅದೇ ಕುರ್ಚಿ, ಅದೇ ಕೋಟು. 'ಲೆಕ್ಕಾಚಾರ ಉಲ್ಟಾ ಆಗಿದ್ದೇಕೆ?' ಎಂಬ ವಿಶೇಷ ಚರ್ಚೆಗೆ ಮುಖ್ಯ ಅತಿಥಿ ಅವನೇ. ಲೆಕ್ಕ ಹಾಕಿದವನು ಅವನೇ ಆದ್ದರಿಂದ ಅದು ಉಲ್ಟಾ ಆದ ಬಗೆಯನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು?

2024ರ ಲೋಕಸಭೆಗೆ ದಾವಣಗೆರೆ ವೋಟು ಹಾಕಿದ್ದು ಮೇ 7ಕ್ಕೆ. ದೇಶದ ಕೊನೆಯ ಹಂತ ಮುಗಿದದ್ದು ಜೂನ್ 1ಕ್ಕೆ. ಅಲ್ಲಿಯತನಕ ಮತಗಟ್ಟೆ ಸಮೀಕ್ಷೆ ತುಟಿ ಬಿಚ್ಚಕೂಡದು ಅನ್ನುತ್ತದೆ ಪ್ರಜಾಪ್ರತಿನಿಧಿ ಕಾಯ್ದೆಯ 126ಎ ಕಲಮು. ಅಷ್ಟು ದಿನ ಬಾಯಿ ಕಟ್ಟಿ ಕೂತವರು ಆ ಸಂಜೆ ಬಾಯಿ ತೆರೆದರು ನೋಡಿ! ಆಕ್ಸಿಸ್ ಮೈ ಇಂಡಿಯಾದವರ ಪ್ರಕಾರ ಕರ್ನಾಟಕದ 28ರಲ್ಲಿ ಬಿಜೆಪಿ-ಜೆಡಿಎಸ್‌ಗೆ 23ರಿಂದ 25, ಕಾಂಗ್ರೆಸ್ಸಿಗೆ 3ರಿಂದ 5. ದೇಶದಲ್ಲಿ ಎನ್‌ಡಿಎಗೆ 361ರಿಂದ 401. ಟುಡೇಸ್ ಚಾಣಕ್ಯದವರು ಒಂದೇ ಏಟಿಗೆ 400 ಅಂದರು, ಹದಿನೈದು ಆಚೀಚೆ. ನಾನೂರು ದಾಟುತ್ತೇವೆಂಬ ಆಳುವವರ ಘೋಷಣೆಗೂ ಸಮೀಕ್ಷೆಯ ಅಂಕಿಗೂ ಇಷ್ಟೊಂದು ಹೊಂದಾಣಿಕೆ ಇರುವಾಗ ಜಾತಕ ಕೂಡಿಬಂತೆಂದು ಷೇರುಪೇಟೆ ಓಲಗ ಊದಿಸಿತು: ಜೂನ್ 3ರ ಸೋಮವಾರ ಸೆನ್ಸೆಕ್ಸ್ 2,507 ಅಂಶ ಏರಿತು. ಮಂಗಳವಾರ ಮತಪೆಟ್ಟಿಗೆಯ ಮಾತು ಹೊರಬಿದ್ದ ಮೇಲೆ ಸುಮಾರು 4,390 ಅಂಶ ಇಳಿಯಿತು. ಎನ್‌ಡಿಎ 293ಕ್ಕೆ ನಿಂತಿತು, ಕರ್ನಾಟಕದಲ್ಲಿ ಕಾಂಗ್ರೆಸ್ಸಿಗೆ 9 ಬಂದವು.

ಆ ಒಂಬತ್ತರಲ್ಲಿ ದಾವಣಗೆರೆಯೂ ಒಂದು. ಟೀವಿಯವರ ನಿಘಂಟಿನಲ್ಲಿ ಇದು 'ಬಿಜೆಪಿಯ ಭದ್ರಕೋಟೆ'. ಜಿ.ಎಂ. ಸಿದ್ದೇಶ್ವರ 2004ರಿಂದ ಸತತ ನಾಲ್ಕು ಸಲ ಗೆದ್ದಿದ್ದರು, ನಿಜ. 2019ರಲ್ಲಿ 1,69,702 ಮತಗಳ ಅಂತರ, ಅದೂ ನಿಜ. ಆದರೆ 2009ರಲ್ಲಿ ಇದೇ ಕೋಟೆಯ ಗೋಡೆಯ ದಪ್ಪ 2,024 ಮತ. ಅಷ್ಟು ತೆಳ್ಳಗಿನ ಗೋಡೆಗೆ ಮೊಳೆ ಹೊಡೆದರೂ ಆಚೆ ಬದಿಗೆ ಬಂದೀತು. ಈ ಸಂಖ್ಯೆ ಚುನಾವಣಾ ಆಯೋಗದ ದಾಖಲೆಯಲ್ಲೇ ಇದೆ; ಹುಡುಕಲು ಡ್ರೋನ್ ಕ್ಯಾಮೆರಾ ಬೇಕಿಲ್ಲ. 2024ರಲ್ಲಿ ಕಾಂಗ್ರೆಸ್ಸಿಗೆ ಒಂದು ಮನೆಯಿಂದ ಶಾಮನೂರು ಶಿವಶಂಕರಪ್ಪನವರ ಸೊಸೆ ಪ್ರಭಾ ಮಲ್ಲಿಕಾರ್ಜುನ್, ಬಿಜೆಪಿಗೆ ಇನ್ನೊಂದು ಮನೆಯಿಂದ ಸಿದ್ದೇಶ್ವರರ ಪತ್ನಿ ಗಾಯತ್ರಿ. ನಡುವೆ ಕಾಂಗ್ರೆಸ್ ಟಿಕೆಟ್ ಸಿಗದೆ ಪಕ್ಷೇತರರಾಗಿ ನಿಂತ ಜಿ.ಬಿ. ವಿನಯ್ ಕುಮಾರ್. ಬಂಡಾಯ ಎದ್ದ ಕಡೆ ಮೂಲ ಪಕ್ಷ ಮುಳುಗುತ್ತದೆ ಎಂಬುದು ಸ್ಟುಡಿಯೊ ಶಾಸ್ತ್ರದ ಮೊದಲ ಪಾಠ. ವಿನಯ್ ಕುಮಾರ್ 42,907 ಮತ ಪಡೆದರು. ಪ್ರಭಾ 26,094ರಿಂದ ಗೆದ್ದರು. ಶಾಸ್ತ್ರ ಮಾತ್ರ ಒಂದಕ್ಷರವೂ ತಿದ್ದುಪಡಿಯಾಗದೆ ಮುಂದಿನ ಚುನಾವಣೆಗೆ ಭದ್ರವಾಗಿದೆ.

ಆಕ್ಸಿಸ್‌ನ ಪ್ರದೀಪ್ ಗುಪ್ತ ಜೂನ್ 4ರಂದು ಕ್ಯಾಮೆರಾ ಎದುರೇ ಕಣ್ಣೀರು ಹಾಕಿದರು. ಬಹಳ ಜನ ನಕ್ಕರು. ನನಗೆ ಆ ಮನುಷ್ಯನ ಮೇಲೆ ಗೌರವ ಹುಟ್ಟಿತು. ಉಳಿದವರ ಕಣ್ಣಲ್ಲಿ ಅಷ್ಟು ನೀರೂ ಇರಲಿಲ್ಲವಲ್ಲ! ಹಿಂದಿನ ವರ್ಷ ವಿಧಾನಸಭೆಗೆ ಕಾಂಗ್ರೆಸ್ 122ರಿಂದ 140 ಎಂದು ಸರಿಯಾಗಿ ಹೇಳಿದ್ದವರೂ ಅವರೇ. ಅದೇ 2023ರ ಮೇ 10ರ ಸಂಜೆ, ಬೆರಳಿನ ಶಾಯಿ ಆರುವ ಮೊದಲೇ, ನ್ಯೂಸ್ ನೇಷನ್-ಸಿಜಿಎಸ್ ಬಿಜೆಪಿಗೆ 114 ಕೊಟ್ಟು ಸರ್ಕಾರವನ್ನೇ ರಚಿಸಿತ್ತು. ಸುವರ್ಣ ನ್ಯೂಸ್-ಜನ್ ಕಿ ಬಾತ್ ಬಿಜೆಪಿಗೆ 94ರಿಂದ 117 ಎಂದಿತು. ಬಹುಮತಕ್ಕೆ ಬೇಕಾದದ್ದು 113. ಅಂದರೆ ಈ ಅಂದಾಜಿನೊಳಗೆ ಬಿಜೆಪಿ ಅಧಿಕಾರಕ್ಕೂ ಬರಬಹುದು, ವಿರೋಧ ಪಕ್ಷದಲ್ಲೂ ಕೂರಬಹುದು. ಇಷ್ಟು ಅಗಲದ ಬಲೆ ಬೀಸಿಯೂ ಮೀನು ಸಿಗಲಿಲ್ಲ: ಬಿಜೆಪಿಗೆ ಬಂದದ್ದು 66. ಕಾಂಗ್ರೆಸ್ಸಿಗೆ 135.

1948ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ 'ಷಿಕಾಗೊ ಟ್ರಿಬ್ಯೂನ್' ಸೋತ ಡ್ಯೂಯಿಯನ್ನು ಮುಖಪುಟದಲ್ಲಿ ಗೆಲ್ಲಿಸಿಬಿಟ್ಟಿತ್ತು. ಗೆದ್ದ ಟ್ರೂಮನ್ ಆ ಪತ್ರಿಕೆಯನ್ನೇ ಎತ್ತಿಹಿಡಿದು ನಕ್ಕ ಫೋಟೊ ಇಂದಿಗೂ ಅದರ ಬೆನ್ನು ಬಿಟ್ಟಿಲ್ಲ. ಪಾಪ, ಕಾಗದದ ಮೇಲೆ ಅಚ್ಚಾದ ತಪ್ಪು. ನಮ್ಮವರದು ಪರದೆಯ ತುದಿಯಲ್ಲಿ ಓಡುವ ಪಟ್ಟಿ. ಎಡಗಡೆಯಿಂದ ಜಾರಿ ಹೋದ ತಪ್ಪನ್ನು ಹಿಡಿದು ನಿಲ್ಲಿಸುವವರಾರು?

ಇದನ್ನೆಲ್ಲ ಪಕ್ಷಪಾತ ಅನ್ನುವವರಿದ್ದಾರೆ. ಇರಬಹುದು. ಆದರೆ ಪಕ್ಷಕ್ಕಿಂತ ದೊಡ್ಡ ಪಾತ ಗಾಳಿಯ ಕಡೆಗೆ. ಬೆಂಗಳೂರಿನಿಂದ ಬಂದ ವ್ಯಾನು ಪಿ.ಬಿ. ರಸ್ತೆಯಲ್ಲಿ ನಿಲ್ಲುತ್ತದೆ, ಬೆಣ್ಣೆದೋಸೆಯ ತಟ್ಟೆಯನ್ನು ಹತ್ತಿರದಿಂದ ತೋರಿಸುತ್ತದೆ, ಪಕ್ಕದ ಮೇಜಿನವರ ಬಾಯಿಗೆ ಮೈಕು ಹಿಡಿಯುತ್ತದೆ. ಅಲ್ಲಿಗೆ ಜಿಲ್ಲೆಯ ಜನಾಭಿಪ್ರಾಯ ಸಂಪೂರ್ಣ. ಇಲ್ಲಿಯ ಮತದಾರ ಏನನ್ನುತ್ತಾನೆ ಗೊತ್ತೆ? "ಫೈಟ್ ಐತ್ರಿ, ಈಗ್ಲೇ ಹೇಳಕ್ಕಾಗಲ್ಲ." ಇಡೀ ಚುನಾವಣೆಯಲ್ಲಿ ಸುಳ್ಳಾಗದ ಒಂದೇ ಭವಿಷ್ಯ ಇದು. ಎಡಿಟಿಂಗ್‌ನಲ್ಲಿ ಮೊದಲು ಹಾರಿಹೋಗುವುದೂ ಇದೇ. ಮಲೇಬೆನ್ನೂರಿನ ಕಡೆ, ಭದ್ರಾ ನಾಲೆಯ ಕೊನೆಯಂಚಿನಲ್ಲಿ, ಆ ಬರಗಾಲದ ಬೇಸಗೆಯಲ್ಲಿ ನೀರಿಗೆ ಕಾದು ಕೂತವರನ್ನು ಕೇಳಬಹುದಿತ್ತು. ಕೊನೆಯಂಚಿಗೆ ನೀರೇ ಬರುವುದಿಲ್ಲ, ಇನ್ನು ಮೈಕು ಬಂದೀತೆ?

ಮೈಕು ಬಂದಿದ್ದರೆ ಮಲೇಬೆನ್ನೂರು ಸೇರಿರುವ ಹರಿಹರ ಕ್ಷೇತ್ರದ ಗುಟ್ಟಾದರೂ ಗೊತ್ತಾಗುತ್ತಿತ್ತು. ಅರ್ಧ ಹರಿ, ಅರ್ಧ ಹರನಾಗಿ ನಿಂತ ದೇವರ ಊರು ಅದು. ಹೊಯ್ಸಳ ದಂಡನಾಯಕ ಪೋಲಾಳ್ವ 1224ರ ಸುಮಾರಿಗೇ ಕಟ್ಟಿಸಿದ ಸಮ್ಮಿಶ್ರ ಗರ್ಭಗುಡಿ. ಎಂಟುನೂರು ವರ್ಷವಾದರೂ ಯಾರೂ ಬೆಂಬಲ ಹಿಂತೆಗೆದುಕೊಂಡಿಲ್ಲ. 2013ರಲ್ಲಿ ಜಿಲ್ಲೆಗೆ ಜಿಲ್ಲೆಯೇ ಕಾಂಗ್ರೆಸ್ಸಿನ ಕಡೆ ವಾಲಿದಾಗ ಹರಿಹರ ಆರಿಸಿದ್ದು ಜೆಡಿಎಸ್‌ನ ಎಚ್.ಎಸ್. ಶಿವಶಂಕರ್ ಅವರನ್ನು. 2018ರಲ್ಲಿ ಜಿಲ್ಲೆಯ ಬಹುಪಾಲು ಬಿಜೆಪಿಗೆ ಹೋದಾಗ ಹರಿಹರಕ್ಕೆ ಕಾಂಗ್ರೆಸ್‌ನ ಎಸ್. ರಾಮಪ್ಪ ಬೇಕಾದರು. 2023ರಲ್ಲಿ ಉಳಿದ ಆರೂ ಕ್ಷೇತ್ರ ಕಾಂಗ್ರೆಸ್ಸಿಗೆ ಒಲಿದಾಗ ಹರಿಹರ ಬಿಜೆಪಿಯ ಬಿ.ಪಿ. ಹರೀಶರನ್ನು ಗೆಲ್ಲಿಸಿತು. ಮೂರು ಚುನಾವಣೆ, ಮೂರು ಪಕ್ಷ, ಮೂರು ಸಲವೂ ಗಾಳಿಗೆ ಎದುರು. ಪರದೆಯ ಮೇಲೆ ರಾಜ್ಯದ ನಕಾಶೆಗೆ ಒಂದೇ ಬಣ್ಣ ಬಳಿಯುವವರಿಗೆ ಇಂಥ ಚುಕ್ಕೆಗಳು ಮುದ್ರಣದೋಷದಂತೆ ಕಾಣುತ್ತವೆ. ಆ ವರ್ಷ ಜಗಳೂರಿನ ದೇವೇಂದ್ರಪ್ಪನವರು ಬರೀ 874 ಮತಗಳಿಂದ ಗೆದ್ದದ್ದೂ 'ಅಲೆ'ಯ ಲೆಕ್ಕಕ್ಕೇ ಜಮಾ ಆಯಿತು. ಒಂದು ಕಾಲದಲ್ಲಿ ಶಾಲೆಯ ಜವಾನರಾಗಿದ್ದವರು ಶಾಸಕರಾದರೆಂಬ ಸುದ್ದಿ ಚಾನೆಲ್‌ಗಳಿಗೆ ಹೊಳೆದದ್ದು ಗೆದ್ದ ಮೇಲೆ.

ಇಷ್ಟೆಲ್ಲ ದೂರಿದ ಮೇಲೆ ನಾನೂ ಒಂದು ಸಮೀಕ್ಷೆ ಕೊಡದಿದ್ದರೆ ನ್ಯಾಯವಲ್ಲ. ಹರಿಹರ, ವಿಧಾನಸಭೆ, 2028: ಜಿಲ್ಲೆಯಲ್ಲಿ ಯಾರ ಗಾಳಿ ಇದೆಯೆಂದು ನೀವು ಟೀವಿಯಲ್ಲಿ ನೋಡುತ್ತೀರೋ ಅವರನ್ನು ಬಿಟ್ಟು ಬೇರೆಯವರು. ಮಾತಾಡಿಸಿದ ಮತದಾರರು, ಸೊನ್ನೆ. ದೋಷದ ಪ್ರಮಾಣ, ಹದಿನೈದು ಆಚೀಚೆ. ಒಂದೇ ಸೀಟಿಗೆ ಹದಿನೈದು ಆಚೀಚೆ ಹೇಗೆ ಅನ್ನಬೇಡಿ, ಅದು ವೃತ್ತಿಯ ಗುಟ್ಟು. ಸುಳ್ಳಾದರೆ ಹೆದರಬೇಕಾಗಿಲ್ಲ, ಕಾರಣ ವಿವರಿಸಲು ಮರುದಿನ ಬೆಳಿಗ್ಗೆ ನಾನೇ ಬರುತ್ತೇನೆ, ಕೋಟು ಇಸ್ತ್ರಿಗೆ ಕೊಟ್ಟಾಗಿದೆ.