ಶ್ರೀರಂಗ, ನೋಡಿ: ಆದ್ಯ

ಸಂಶೋಧನೆಗೆ ಇಳಿಯುವವರು ಒಂದೇ ಹೆಸರಿರುವ ಸಾಹಿತಿಯನ್ನು ಆರಿಸಿಕೊಳ್ಳಬೇಕು ಎಂದು ನನಗೆ ಯಾರೂ ಬುದ್ಧಿ ಹೇಳಲಿಲ್ಲ. ಎಂ.ಫಿಲ್‌ಗೆ ಶ್ರೀರಂಗರ ನಾಟಕಗಳನ್ನು ಆರಿಸಿಕೊಂಡೆ. ಆರಿಸಿಕೊಂಡೆ ಅನ್ನುವುದು ದೊಡ್ಡ ಮಾತು. ಗೈಡ್ ಸರ್ ಅವರ ಪಟ್ಟಿಯಲ್ಲಿ ಅದನ್ನು ಬಿಟ್ಟರೆ ಉಳಿದದ್ದು ಛಂದಸ್ಸು. ಲಘು-ಗುರುಗಳಿಗೂ ನನಗೂ ಪಿಯುಸಿಯಲ್ಲೇ ಮಾತು ಬಿಟ್ಟಿತ್ತು.

“ಲೈಬ್ರರಿಗೆ ಹೋಗಿ ಕೂಡ್ರವಾ, ಎಲ್ಲಾ ಅಲ್ಲೇ ಅದ” ಅಂದರು ಸರ್. ಸುಳ್ಳಲ್ಲ, ಎಲ್ಲಾ ಇತ್ತು. ಲೈಬ್ರರಿಯನ್ ಒಬ್ಬರು ಇರಲಿಲ್ಲ, ಅಷ್ಟೆ. ಇದ್ದವರು ನಿವೃತ್ತರಾದ ಮೇಲೆ ಹುದ್ದೆ ಖಾಲಿ ಉಳಿದು, ಹಿಂದಿ ಮಾಸ್ತರರು ಇನ್‌ಚಾರ್ಜ್ ಆಗಿದ್ದರು. ಅವರು ಸಹಿ ಹಾಕಲು ಬರುತ್ತಿದ್ದರು. ನಡೆಸುತ್ತಿದ್ದವರು ಅಟೆಂಡರ್ ಕಾಕಾ. ಅವರ ಕುರ್ಚಿಯ ಮೇಲ್ಗಡೆ ಗೋಡೆಯಲ್ಲಿ ಎಸ್.ಆರ್. ರಂಗನಾಥನ್ ಅವರ ಫೋಟೊ. ಗ್ರಂಥಾಲಯಕ್ಕೆ ಐದು ಸೂತ್ರಗಳನ್ನು 1931ರಲ್ಲೇ ಬರೆದಿಟ್ಟ ಮಹಾನುಭಾವರು. ಓದುಗರ ಸಮಯ ಉಳಿಸಬೇಕು ಎನ್ನುವುದು ಅದರಲ್ಲಿ ನಾಲ್ಕನೆಯದು. ಕೊನೆಗಾಲ ಕಳೆದದ್ದು ಬೆಂಗಳೂರಿನಲ್ಲೇ, 1972ರಲ್ಲಿ ತೀರಿಕೊಂಡದ್ದೂ ಅಲ್ಲೇ. ಒಂದು ರಾತ್ರಿ ರೈಲು ಹತ್ತಿ ನಮ್ಮ ಕಡೆ ಬಂದು ಆ ಕಾರ್ಡ್ ಕಪಾಟನ್ನು ನೋಡಿದ್ದರೆ ಆರನೆಯ ಸೂತ್ರ ಬರೆಯದೆ ವಾಪಸು ಹೋಗುತ್ತಿರಲಿಲ್ಲ.

ಕಪಾಟು ತೇಗದ್ದು. ಸಾಲು ಸಾಲು ಡ್ರಾ, ಹಿತ್ತಾಳೆ ಹಿಡಿ, ಒಳಗೆ ಐದು ಇಂಚು ಅಗಲ ಮೂರು ಇಂಚು ಎತ್ತರದ ಕಾರ್ಡುಗಳು, ಅವು ಓಡಿಹೋಗದಂತೆ ಹೊಟ್ಟೆಯಲ್ಲಿ ಒಂದು ಸಳಿ. ‘ಶ’ ಡ್ರಾ ಎಳೆದೆ. ದುಂಡಗಿನ ಅಕ್ಷರದಲ್ಲಿ ಬರೆದಿತ್ತು: “ಶ್ರೀರಂಗ. ನೋಡಿ: ಆದ್ಯ ರಂಗಾಚಾರ್ಯ.” ಸರಿ, ವಿದ್ವತ್ತು ಅಂದರೆ ಹೀಗೇ ಇರಬೇಕು ಎಂದು ಖುಷಿಯಾಯಿತು. ‘ಆ’ ಮೇಲಿನ ಸಾಲಿನಲ್ಲಿ. ಸ್ಟೂಲ್ ತಂದು ಹತ್ತಿದೆ. “ಆದ್ಯ ರಂಗಾಚಾರ್ಯ. ನೋಡಿ: ರಂಗಾಚಾರ್ಯ, ಆದ್ಯ.” ಇದು ಬೇರೆಯವರ ಕೈಬರಹ, ಸ್ವಲ್ಪ ಬಲಕ್ಕೆ ವಾಲಿದ್ದು. ‘ರ’ ಕೆಳಗಿನ ಸಾಲಿನಲ್ಲಿ. ಸ್ಟೂಲ್ ಇಳಿದು ನೆಲದ ಮೇಲೆ ಕೂತೆ. “ರಂಗಾಚಾರ್ಯ, ಆದ್ಯ. ನೋಡಿ: ಜಾಗೀರದಾರ, ಆರ್.ವಿ.”

ಇದರಲ್ಲಿ ಕಾರ್ಡಿನದೇನೂ ತಪ್ಪಿಲ್ಲ ಅನ್ನಿ. 1904ರಲ್ಲಿ ವಿಜಾಪುರ ಜಿಲ್ಲೆಯ ಅಗರಖೇಡದಲ್ಲಿ ಹುಟ್ಟಿದ ಈ ಮನುಷ್ಯ, ಸಂಸ್ಕೃತ ನಾಟಕದ ಬಗ್ಗೆ ಇಂಗ್ಲಿಷಿನಲ್ಲಿ ಬರೆದಾಗ ಜಾಗೀರದಾರ, ನಾಟ್ಯಶಾಸ್ತ್ರವನ್ನು ಇಂಗ್ಲಿಷಿಗೆ ತಂದಾಗ ಆದ್ಯ ರಂಗಾಚಾರ್ಯ, ‘ಹರಿಜನ್ವಾರ’ ‘ಕೇಳು ಜನಮೇಜಯ’ ಬರೆದಾಗ ಶ್ರೀರಂಗ. ನಾಟಕಕಾರರಲ್ಲವೇ, ವೇಷ ಬದಲಿಸುವುದು ಅವರ ಹಕ್ಕು. ಬೆನ್ನು ಹತ್ತುವ ಕರ್ಮ ನನ್ನದು.

‘ಜ’ ಎಳೆದಾಗ ಎದೆ ಹೊಡೆದುಕೊಳ್ಳುತ್ತಿತ್ತು. “ಜಾಗೀರದಾರ, ಆರ್.ವಿ. ನೋಡಿ: ಶ್ರೀರಂಗ.”

ಮೂರು ತಲೆಮಾರಿನ ಲೈಬ್ರರಿಯನ್ನರು, ಉಳಿದವರು ಪುಸ್ತಕದ ಕಾರ್ಡು ಬರೆದಿದ್ದಾರೆ ಎಂಬ ಗಾಢ ನಂಬಿಕೆಯಿಂದ, ಬರೀ ‘ನೋಡಿ’ ಬರೆದು ಮನೆಗೆ ಹೋಗಿದ್ದರು. ನಾನು ಮತ್ತೊಂದು ಸುತ್ತು ಹೊಡೆದೆ. ಈ ಸಲ ನಿಧಾನವಾಗಿ, ಎರಡನೆಯ ಸಲಕ್ಕಾದರೂ ಕಾರ್ಡುಗಳಿಗೆ ನಾಚಿಕೆಯಾಗಲಿ ಅಂತ. ಆಗಲಿಲ್ಲ. ಆಮೇಲೆ ದಿಕ್ಕು ಬದಲಿಸಿ ‘ಜ’ದಿಂದ ಹೊರಟೆ, ಅಪ್ರದಕ್ಷಿಣೆಯ ಪಾಪ ಬಂತೇ ಹೊರತು ಪುಸ್ತಕ ಬರಲಿಲ್ಲ. ಕೊನೆಗೆ ನಾಲ್ಕೂ ಡ್ರಾ ಕಿತ್ತು ನೆಲದ ಮೇಲೆ ಹರವಿಕೊಂಡು ಅವುಗಳ ನಡುವೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾಗ ಕಾಕಾ ಬಂದರು.

“ಒಂದ ಒಳಗ ಹಾಕಿ ಇನ್ನೊಂದ ತಗೀಬೇಕವಾ. ಯಾರನ್ನ ಹುಡುಕಾಕತ್ತೀ?”

“ಶ್ರೀರಂಗರನ್ನರಿ ಕಾಕಾ.”

ಕಾಕಾ ಮುಖ ಸಣ್ಣದಾಯಿತು. “ಅವರು ತೀರಕೊಂಡು ಭಾಳ ವರ್ಷ ಆತಲ್ಲವಾ.”

1984ರಲ್ಲೇ. “ಹೌದ್ರಿ” ಎಂದು ನಾನೂ ತಲೆ ತಗ್ಗಿಸಿದೆ. ಆ ಹೊತ್ತಿಗೆ ಬೇರೇನು ಹೇಳಬೇಕೋ ತಿಳಿಯಲಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಆಮೇಲೆ ಅವರೇ ಸಮಾಧಾನದ ದನಿಯಲ್ಲಿ, “ನಾಟಕದ ಬುಕ್ಕೇನು? ಅಲ್ಲೆ ಕಿಡಕಿ ಬಾಜೂಕ, ಮಳೀ ನೀರ ಸೋರತೈತಲ್ಲ, ಆ ಕಪಾಟದಾಗ ಅದಾವ” ಅಂದರು.

ಇದ್ದವು. ಡ್ಯೂಯಿ ದಶಾಂಶದ ಲೆಕ್ಕದಲ್ಲಿ ಕನ್ನಡ ಸಾಹಿತ್ಯ 894.814, ನಮ್ಮಲ್ಲಿ ಸೋರುವ ಕಿಟಕಿ.

ಕಂಪ್ಯೂಟರೂ ಇತ್ತು, ಧೂಳು ಕೂರದಂತೆ ಹೂವಿನ ಬಟ್ಟೆ ಹೊದ್ದು. ಅದರಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಶ್ರೀರಂಗ ಎಂದು ಒತ್ತಿದರೆ ಶ್ರೀರಂಗಪಟ್ಟಣದ ಮುತ್ತಿಗೆಗಳು ಬರುತ್ತಿದ್ದವು. ನಡುವೆ ಒಂದು ‘ಎಚ್’ ಸೇರಿಸಿದರೆ ಯಾರೂ ಬರುತ್ತಿರಲಿಲ್ಲ. ಬಟ್ಟೆ ಮತ್ತೆ ಹೊದಿಸಿದೆ.

ಆ ಕಪಾಟಿನ ತಳದ ಅರೆಯಲ್ಲಿ ‘ಪ್ರಬುದ್ಧ ಕರ್ಣಾಟಕ’ದ ಹಳೆಯ ಬೈಂಡ್ ಸಂಪುಟಗಳಿದ್ದವು. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘ ಶುರುಮಾಡಿದ ಪತ್ರಿಕೆ ಅದು. ಒಂದನ್ನು ಎತ್ತಿದೆ, ಇಟ್ಟಿಗೆಯ ಹಾಗೆ ಬಂತು. ವರ್ಷ ವರ್ಷ ನೆನೆದು ವರ್ಷ ವರ್ಷ ಒಣಗಿ ಪುಟಕ್ಕೆ ಪುಟ ಅಂಟಿತ್ತು. ಸ್ಕೇಲ್ ತುದಿ ತೂರಿಸಿ ಬಿಡಿಸಲು ನೋಡಿದರೆ ಯಾರದೋ ಲೇಖನದ ಅರ್ಧ ನನ್ನ ಕೈಗೆ ಬಂತು, ಅರ್ಧ ಅಲ್ಲೇ ಉಳಿಯಿತು. ಅದೇ ವರ್ಷ ನ್ಯಾಕ್ ಸಮಿತಿ ಬರುತ್ತದೆಂದು ಗೋಡೆಗಳಿಗೆ ಬಣ್ಣ ಬಂದಿತ್ತು, ಬಾಗಿಲಿಗೆ ‘ಇ-ಲೈಬ್ರರಿ’ ಬೋರ್ಡು ಬಂದಿತ್ತು. ಕಿಟಕಿಗೆ ಸಿಮೆಂಟು ಬಳಿಯಲು ಎಷ್ಟು ಬೇಕಿತ್ತು? ಕಾಕಾ ಪ್ರತಿ ಮುಂಗಾರಿಗೂ ಅರ್ಜಿ ಕೊಡುತ್ತಿದ್ದರಂತೆ. ಆ ಅರ್ಜಿಗಳ ಫೈಲು ಮಾತ್ರ ಒಣಗಿದ ಜಾಗದಲ್ಲಿ, ಆಫೀಸಿನ ಗೋದ್ರೇಜಿನಲ್ಲಿ, ಬೆಚ್ಚಗಿತ್ತು. ನನಗೆ ಈಗಲೂ ಸಿಟ್ಟು ಬರುತ್ತದೆ. ಇರಲಿ.

ಟಿಪ್ಪಣಿ, ಝೆರಾಕ್ಸ್, ಸೀನು, ಇವೆಲ್ಲ ಎಲ್ಲರಿಗೂ ಆಗುವಂಥದ್ದೇ. ಆಮೇಲೆ ಯೂನಿವರ್ಸಿಟಿ ಲೈಬ್ರರಿಗೆ ಹೋಗಿ, ಕಪ್ಪು ರೆಕ್ಸಿನ್ನಿನ ಮೇಲೆ ಚಿನ್ನದ ಅಕ್ಷರ ಒತ್ತಿದ ಪಿಎಚ್.ಡಿ. ಪ್ರಬಂಧಗಳಿಗೆ ಕೈ ಹಚ್ಚಿದೆ. ಶ್ರೀರಂಗರ ಬಗ್ಗೆ ಒಂದೇ ವಾಕ್ಯವನ್ನು ನಾಲ್ಕು ಮಂದಿ ಉದ್ಧರಿಸಿದ್ದರು. ನಾಲ್ಕರಲ್ಲೂ ಅಡಿಟಿಪ್ಪಣಿ ಒಂದೇ: ಒಂದು ಹಳೆಯ ವಿಮರ್ಶಾ ಪುಸ್ತಕ, ಪುಟ 78. ಆ ಪುಸ್ತಕ ನಮ್ಮ ಸೋರುವ ಕಿಟಕಿಯಲ್ಲೇ ಇತ್ತು. ತೆಗೆದು ನೋಡಿದರೆ 78ರಲ್ಲಿ ಬೇರೊಬ್ಬ ನಾಟಕಕಾರರ ಗುಣಗಾನ. ನಮ್ಮ ವಾಕ್ಯ ಆರಾಮಾಗಿ 87ರಲ್ಲಿ ಕೂತಿತ್ತು. ಮೊದಲನೆಯವರ ಕೈ ತಪ್ಪಿದೆ, ಉಳಿದ ಮೂವರು ಪುಸ್ತಕದ ಮುಖವನ್ನೇ ಕಂಡಿಲ್ಲ! ನನಗಾದ ಆನಂದವನ್ನು ಏನು ಹೇಳಲಿ. ಹಲ್ಮಿಡಿ ಶಾಸನ ಸಿಕ್ಕವರಿಗೂ ಅಷ್ಟು ಆಗಿರಲಿಕ್ಕಿಲ್ಲ. ಕಾಕಾಗೆ ಚಹಾ ಕುಡಿಸಿದೆ. ಯಾಕೆ ಎಂದು ಅವರು ಕೇಳಲಿಲ್ಲ.

ಗೈಡ್ ಸರ್ ಕನ್ನಡಕ ತೆಗೆದರು. “ನಾಕ ಮಂದಿ ಡಾಕ್ಟರು 78 ಅಂದಾರ. ನೀ ಒಬ್ಬಾಕಿ 87 ಅಂದ್ರ ಪರೀಕ್ಷಕರು ನಿಂದ ತಪ್ಪ ಅಂತಾರ ನೋಡವಾ.”

ನಾನು 87 ಎಂದೇ ಟೈಪ್ ಮಾಡಿಸಿದೆ. ಮೌಖಿಕ ಪರೀಕ್ಷೆ ಮುಗಿದು ಪ್ರಬಂಧ ಕೈಗೆ ಬಂದಾಗ ಆ ಅಡಿಟಿಪ್ಪಣಿಗೆ ಕೆಂಪು ಶಾಯಿಯ ಸುತ್ತು ಬಿದ್ದಿತ್ತು. ಪಕ್ಕದಲ್ಲಿ ಮುದ್ದಾದ ಅಕ್ಷರದಲ್ಲಿ ಬರೆದಿದ್ದರು: “ಪುಟ 78. ಮೂಲ ನೋಡಿ.”